ಮಸ್ಕತ್ ಟೂರ್ ಬುಕ್ ಮಾಡುವ ಮೊದಲು ಶುಕ್ರವಾರ ಎಲ್ಲಿ ಬರುತ್ತೆ ನೋಡಿಕೊಳ್ಳಿ

ಒಮಾನ್‌ಗೆ ಪ್ಯಾಕೇಜ್ ಟೂರ್ ಹೊರಟವರು ದುಡ್ಡು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಟೂರ್ ಪ್ಲಾನ್ ಪಕ್ಕ ಕ್ಯಾಲೆಂಡರ್ ಇಟ್ಟುಕೊಂಡು, ಶುಕ್ರವಾರ ಯಾವ ದಿನ ಬೀಳುತ್ತೆ ನೋಡಿ. ಅವತ್ತು ಬೆಳಿಗ್ಗೆ ಮಸೀದಿ, ಆಮೇಲೆ ಶಾಪಿಂಗ್, ಸಂಜೆ ವಿಮಾನ ಅಂತ ಬರೆದಿದ್ದರೆ ಒಪ್ಪಬೇಡಿ. ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರು ನಮಗೆ ಕೊಟ್ಟಿದ್ದು ಇದೇ ಪ್ಲಾನ್. ಅದರಲ್ಲಿ "ಕೊನೆಯ ದಿನ" ಅಂತ ಇತ್ತೇ ಹೊರತು ವಾರದ ಹೆಸರೇ ಇರಲಿಲ್ಲ.

ಒಮಾನ್‌ನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಸುಲ್ತಾನ್ ಕಾಬೂಸ್ ದೊಡ್ಡ ಮಸೀದಿಗೆ ಮುಸ್ಲಿಮರಲ್ಲದ ಪ್ರವಾಸಿಗರನ್ನು ಶನಿವಾರದಿಂದ ಗುರುವಾರದವರೆಗೆ, ಬೆಳಿಗ್ಗೆ 8ರಿಂದ 11ರ ತನಕ ಮಾತ್ರ ಬಿಡುತ್ತಾರೆ. ಶುಕ್ರವಾರ ಬಿಡುವುದೇ ಇಲ್ಲ. ಅಲ್ಲಿಗೆ ಜನರನ್ನು ಕರೆದುಕೊಂಡು ಹೋಗುವುದನ್ನೇ ಕಸುಬು ಮಾಡಿಕೊಂಡವರಿಗೆ ಇದು ಗೊತ್ತಿರಬೇಕು ಅಲ್ವಾ? ಒಳಗಿರುವ ಕೈಯಲ್ಲಿ ನೇಯ್ದ ಭಾರಿ ಕಾರ್ಪೆಟ್ ನೋಡಬೇಕು ಅಂತ ಅಮ್ಮನಿಗೆ ತುಂಬಾ ಆಸೆ ಇತ್ತು. ತಲೆಗೆ ಹೊದೆಯಲು ದುಪಟ್ಟಾ, ಪೂರ್ತಿ ತೋಳಿನ ಕುರ್ತಾ ಎಲ್ಲ ಹಿಂದಿನ ರಾತ್ರಿಯೇ ತೆಗೆದಿಟ್ಟಿದ್ದರು. ಆದರೆ ಅವತ್ತು ಶುಕ್ರವಾರ, ಹೊರಗಡೆಯಿಂದ ಫೋಟೋ ತೆಗೆಸಿ ನಮ್ಮನ್ನು ಬಸ್ ಹತ್ತಿಸಿದರು.

ಅಲ್ಲಿಂದ ಮುತ್ರಾ ಸೂಕ್. ಸಮುದ್ರದ ದಂಡೆಯ ರಸ್ತೆ ದಾಟಿದರೆ ಸಿಗುವ, ಮೇಲೆ ಚಾವಣಿ ಹಾಕಿದ ಗಲ್ಲಿಗಳ ಹಳೇ ಪೇಟೆ ಅದು. ನಾವು ಹೋದಾಗ ಜುಮ್ಮಾ ನಮಾಜಿನ ಹೊತ್ತು. ಗಲ್ಲಿ ಉದ್ದಕ್ಕೂ ಶಟರ್ ಇಳಿದಿತ್ತು. ಒಂದು ಅಂಗಡಿಯವರು ಮುಂದೆ ಜೋಡಿಸಿದ್ದ ಧೂಪದ ಬಟ್ಟಲುಗಳ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ, ಎರಡು ಮೂಲೆಗೆ ಹಗ್ಗ ಕಟ್ಟಿ ಹೋಗಿದ್ದರು. ಕಾವಲಿಗೆ ಒಬ್ಬರೂ ಇಲ್ಲ. ನನಗೆ ಅವರ ಮೇಲೆ ಒಂಚೂರೂ ಬೇಸರವಿಲ್ಲ. ಅವರ ಪ್ರಾರ್ಥನೆ, ಅವರ ರಜೆ. ಪೇಟೆ ಮತ್ತೆ ತೆರೆಯೋದು ಸಂಜೆ 4 ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ನಾವು ಏರ್‌ಪೋರ್ಟ್‌ನಲ್ಲಿರಬೇಕಿತ್ತು. ಅಮ್ಮನಿಗೆ ಶುಗರ್ ಇದೆ. ಅಕ್ಕಪಕ್ಕದ ಟೀ ಅಂಗಡಿಗಳೂ ಮುಚ್ಚಿದ್ದವು. ಬ್ಯಾಗಲ್ಲಿದ್ದ ಬಿಸ್ಕತ್ತು ತಿಂದು, ಮೆಟ್ಟಿಲ ನೆರಳಲ್ಲಿ ಕೂತರು.

ಆಗ ಗೈಡ್ "ನನಗೆ ಗೊತ್ತಿರುವ ಒಂದು ಅಂಗಡಿ ತೆರೆದಿದೆ" ಅಂದ. ಹುಷಾರಾಗಿರಬೇಕಾದ್ದು ಇಲ್ಲೇ. ಬೇರೆ ಕಡೆ ವಿಚಾರಿಸುವ ದಾರಿಯೇ ಇಲ್ಲದ ಹೊತ್ತಿಗೆ ಸರಿಯಾಗಿ ನಮ್ಮನ್ನು ಅಲ್ಲಿಗೆ ಒಯ್ದರು. ಲುಬಾನ್ ಧೂಪ, ಅತ್ತರು, ಹಲ್ವಾ ಎಲ್ಲ ಇತ್ತು. ಅಲ್ಲಿ ಹೇಳಿದ್ದೇ ಬೆಲೆ. 1 ರಿಯಾಲ್ ಅಂದರೆ ನಮ್ಮ 200 ರೂಪಾಯಿಗಿಂತ ಜಾಸ್ತಿ. "ಬರೀ 3 ರಿಯಾಲ್" ಅಂತ ಕೇಳಿದಾಗ ಅಗ್ಗ ಅನಿಸಿಬಿಡುತ್ತೆ. ರಿಯಾಲ್‌ಗೆ 1000 ಬೈಸಾ, ಅದೂ ತಲೆಯಲ್ಲಿರಲಿ. 100 ಬೈಸಾದ ನೋಟೂ ಇದೆ, ಚಿಲ್ಲರೆ ಎಣಿಸಿಕೊಳ್ಳದೆ ಜೇಬಿಗೆ ಹಾಕಬೇಡಿ. ನಮ್ಮ ಬಸ್ಸಿನವರು ಊರಿಗೆ ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ಕೇಳಿದಷ್ಟು ಕೊಟ್ಟು ತಂದರು.

ಸೂಕ್‌ಗೆ ಶನಿವಾರದಿಂದ ಗುರುವಾರದೊಳಗೆ, ಅದರಲ್ಲೂ ಸಂಜೆ ಹೋಗಿ. ಸಾಮಾನ್ಯವಾಗಿ ಮಧ್ಯಾಹ್ನ 1ರಿಂದ 4ರ ತನಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ರಾತ್ರಿ 9-10ರವರೆಗೆ ವ್ಯಾಪಾರ ಜೋರು. ಅಲ್ಲಿ ಚೌಕಾಸಿ ಮಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಗುತ್ತಾ ಕೇಳಿ, ಎರಡು ಮೂರು ಅಂಗಡಿ ನೋಡಿ. ಆದರೆ ರೇಟು ಒಪ್ಪಿಕೊಂಡ ಮೇಲೆ ಬೇಡ ಅನ್ನುವುದು ಚೆನ್ನಾಗಿರಲ್ಲ. ಚಿನ್ನಕ್ಕೆ ಅವತ್ತಿನ ದರವೇ ದರ, ಚೌಕಾಸಿ ಏನಿದ್ದರೂ ಮಜೂರಿಯ ಮೇಲೆ. ಮಾಲ್, ಹೈಪರ್‌ಮಾರ್ಕೆಟ್‌ಗಳಲ್ಲಿ ಬೆಲೆ ಫಿಕ್ಸ್.

ರಂಜಾನ್‌ನಲ್ಲಾದರೆ ಇನ್ನೂ ಹುಷಾರು. ಹಗಲಲ್ಲಿ ಹೋಟೆಲುಗಳು ಬಹುತೇಕ ಮುಚ್ಚಿರುತ್ತವೆ, ಜನರೆದುರು ತಿನ್ನುವುದು, ಕುಡಿಯುವುದು ಅಲ್ಲಿ ಕಾನೂನಿಗೆ ವಿರುದ್ಧ. ಈ ತಿಂಗಳು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತೆ, ಹೋದ ವರ್ಷದ ಲೆಕ್ಕ ನಂಬಬೇಡಿ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಊಟಕ್ಕೆ ಏನು ವ್ಯವಸ್ಥೆ ಅಂತ ಕೇಳದೆ ಬಸ್ ಹತ್ತಬೇಡಿ.

ವಾಪಸ್ ಬಂದು ಕೇಳಿದ್ದಕ್ಕೆ ಟ್ರಾವೆಲ್ಸ್‌ನವರು "ದುಬೈನಲ್ಲಿ ಶುಕ್ರವಾರವೂ ನಡೆಯುತ್ತೆ ಸಾರ್, ಇಲ್ಲೂ ಹಾಗೇ ಅಂದುಕೊಂಡೆವು" ಅಂದರು. ದುಬೈನಲ್ಲಿ 2022ರಿಂದ ಸರ್ಕಾರಿ ರಜೆ ಶನಿವಾರ-ಭಾನುವಾರ, ಶುಕ್ರವಾರ ಅರ್ಧ ದಿನ ಕೆಲಸ. ಅದು ಬೇರೆ ದೇಶ, ಒಮಾನ್ ಬೇರೆ. ದುಡ್ಡು ಇಸ್ಕೊಂಡವರು ಇಷ್ಟೂ ನೋಡದಿದ್ದರೆ ಹೇಗೆ?

ಆದ್ದರಿಂದ ಯಾವ ಜಾಗಕ್ಕೆ ಯಾವ ವಾರ, ಎಷ್ಟು ಗಂಟೆಗೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವಾಟ್ಸಾಪ್ ಮೆಸೇಜ್ ಆದರೂ ಸರಿ. ಪ್ಲಾನ್, ರಸೀದಿ, ಮೆಸೇಜ್ ಯಾವುದನ್ನೂ ಅಳಿಸಬೇಡಿ. ಮೋಸ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಾನೂ ಅಲ್ಲೇ ದೂರು ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.