ಆಸೆಪಟ್ಟ ಕಾದಂಬರಿ ಹಿಡಿಸದಿದ್ದರೆ: ಮುಗಿಸೋದಾ, ಬಿಡೋದಾ, ಎತ್ತಿಡೋದಾ?

ತುಂಬಾ ದಿನ ಕಾದು ಕೈಗೆತ್ತಿಕೊಂಡ ಕಾದಂಬರಿ ನೂರು ಪುಟವಾದರೂ ಹಿಡಿಸದಿದ್ದಾಗ ಆಗುವ ಬೇಸರವೇ ಬೇರೆ. ಹೆಸರೇ ಕೇಳದ ಪುಸ್ತಕವಾದರೆ ಸುಮ್ನೆ ಪಕ್ಕಕ್ಕಿಡುತ್ತೇವೆ. ಒಳ್ಳೆಯ ಓದುಗರೆಲ್ಲ ‘ಓದಲೇಬೇಕು’ ಅಂದ ಪುಸ್ತಕವಾದರೆ ಹಾಗಾಗುವುದಿಲ್ಲ. ಮೊದಲು ಅನುಮಾನ ಬರುವುದು ನಮ್ಮ ಮೇಲೆಯೇ. ಎಲ್ಲರಿಗೂ ಕಂಡದ್ದು ನನಗ್ಯಾಕೆ ಕಾಣುತ್ತಿಲ್ಲ ಅಂತ.

ಇಂಥ ಪುಸ್ತಕಗಳ ಜೊತೆ ನಾನು ಮೂರು ದಾರಿ ಹಿಡಿದು ನೋಡಿದ್ದೇನೆ. ಹಠ ಹಿಡಿದು ಕೊನೆಯವರೆಗೆ ಓದುವುದು. 50 ಪುಟಕ್ಕೆ ನಿಲ್ಲಿಸುವುದು. ಎತ್ತಿಟ್ಟು ಕೆಲವು ವರ್ಷ ಬಿಟ್ಟು ಮತ್ತೆ ತೆಗೆಯುವುದು. ಮೂರರಲ್ಲೂ ಗಳಿಸಿದ್ದೇನೆ, ಕಳೆದುಕೊಂಡಿದ್ದೇನೆ.

ಹಠದಿಂದ ಓದಿದ್ದು ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’. 1851ರ ಕಾದಂಬರಿ. ಹುಚ್ಚು ಹಿಡಿದ ಕ್ಯಾಪ್ಟನ್, ಬಿಳಿ ತಿಮಿಂಗಿಲ, ಸಮುದ್ರದಲ್ಲಿ ಬೇಟೆ. ಇಷ್ಟು ಕೇಳಿದ್ದೆ. ಮೊದಲ ಪುಟದಿಂದಲೇ ಬೇಟೆ ಶುರುವಾಗುತ್ತದೆ ಅಂತ ಕೂತೆ. ಕ್ಯಾಪ್ಟನ್ ಏಹಬ್ ಹಡಗಿನ ಮೇಲೆ ಕಾಣಿಸಿಕೊಳ್ಳುವುದೇ 28ನೇ ಅಧ್ಯಾಯದಲ್ಲಿ. 32ನೇ ಅಧ್ಯಾಯಕ್ಕೆ ಬಂದರೆ ಕಥೆ ನಿಂತೇ ಹೋಗುತ್ತದೆ. ಕಥೆ ಹೇಳುವವನು ತಿಮಿಂಗಿಲಗಳನ್ನು ಪುಸ್ತಕದ ಅಳತೆಗಳ ಹಾಗೆ ದೊಡ್ಡದು, ನಡುವಿನದು, ಚಿಕ್ಕದು ಅಂತ ವಿಂಗಡಿಸುತ್ತಾ ಕೂರುತ್ತಾನೆ. ನಾವು ಕಾಯುತ್ತಿರುವ ಆ ಬಿಳಿ ತಿಮಿಂಗಿಲ ಕಣ್ಣಿಗೆ ಬೀಳುವುದು 133ನೇ ಅಧ್ಯಾಯದಲ್ಲಿ. ಒಟ್ಟು ಇರುವುದೇ 135 ಅಧ್ಯಾಯ, ಆಮೇಲೊಂದು ಪುಟ್ಟ ಮುಕ್ತಾಯ.

ದಿನಕ್ಕೆ ಇಷ್ಟು ಪುಟ ಅಂತ ಲೆಕ್ಕ ಹಾಕಿ ಮುಗಿಸಿದೆ. ಅದರಿಂದ ಸಿಕ್ಕಿದ್ದೇನು ಅಂತ ಒಂದು ಉದಾಹರಣೆ ಹೇಳುತ್ತೇನೆ. 60ನೇ ಅಧ್ಯಾಯ ಪೂರ್ತಿ ಒಂದು ಹಗ್ಗದ ಬಗ್ಗೆ. ಈಟಿಗೆ ಕಟ್ಟುವ ಹಗ್ಗ. ಅದನ್ನು ತೊಟ್ಟಿಯಲ್ಲಿ ಹೇಗೆ ಸುತ್ತಿಡುತ್ತಾರೆ, ದೋಣಿಯಲ್ಲಿ ಕೂತವರ ಸುತ್ತ ಅದು ಹೇಗೆ ಹಾದು ಹೋಗುತ್ತದೆ, ಓಡುವಾಗ ಒಂದು ಸಣ್ಣ ಸಿಕ್ಕು ಬಿದ್ದರೂ ಮನುಷ್ಯನ ಗತಿ ಏನು, ಇದೇ ಮಾತು. ಅದನ್ನು ಕೋಪದಿಂದಲೇ ಓದಿದ್ದೆ. ಕೊನೆಯ ಅಧ್ಯಾಯದಲ್ಲಿ ಅದೇ ಹಗ್ಗ ಬಂದಾಗ ಕೈ ನಡುಗಿತು. ಹಿಂದಕ್ಕೆ ಹೋಗಿ ಆ ಅಧ್ಯಾಯವನ್ನು ಮತ್ತೆ ಓದಿದೆ. ಈ ಸಲ ಒಂದು ಸಾಲೂ ಜಾಸ್ತಿ ಅನ್ನಿಸಲಿಲ್ಲ. ನಡುವೆ ಬಿಟ್ಟಿದ್ದರೆ ಇದು ಸಿಗುತ್ತಲೇ ಇರಲಿಲ್ಲ, ಅಲ್ವಾ? ಆದರೆ ಕಳೆದುಕೊಂಡದ್ದೂ ಇದೆ. ಪುಟ ಎಣಿಸುತ್ತಾ ಓದಿದ ನಡುವಿನ ಭಾಗದಲ್ಲಿ ಎಷ್ಟೋ ನೆನಪಿಲ್ಲ. ಓದಿದ್ದೇನೆ ಅಂತ ಹೇಳಿಕೊಳ್ಳಲು ಬರುತ್ತದೆ, ಅಷ್ಟೆ.

50 ಪುಟದ ದಾರಿ ನನ್ನದಲ್ಲ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ ನಿಯಮ ಅದು. 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದ್ದರೆ ನೂರರಿಂದ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಸಾಕು. 60 ವರ್ಷದವರಿಗೆ 40 ಪುಟ. ಉಳಿದಿರುವ ಸಮಯ ಕಡಿಮೆಯಾದ ಹಾಗೆ ಒಲ್ಲದ ಪುಸ್ತಕಕ್ಕೆ ಕೊಡುವ ಪುಟವೂ ಕಡಿಮೆಯಾಗಬೇಕು ಅನ್ನುವ ಲೆಕ್ಕ ನನಗೆ ಹಿಡಿಸಿತು.

ಇದನ್ನು ಪ್ರಯೋಗಿಸಿದ್ದು ಎಲ್ಲರ ಬಾಯಲ್ಲೂ ಇದ್ದ ಒಂದು ಹೊಸ ಕಾದಂಬರಿಯ ಮೇಲೆ. ಹೆಸರು ಬೇಡ. ಭಾಷೆ ನುಣುಪಾಗಿತ್ತು, ಆದರೆ ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಏನು ಅಂತ ತಿಳಿಯಲು ಒಂದು ಪುಟದಲ್ಲಿ ಮಾತಾಡುವವರ ಹೆಸರುಗಳ ಮೇಲೆ ಬೆರಳಿಟ್ಟು ಮುಚ್ಚಿ ಓದಿದೆ. ಅಜ್ಜಿಯ ಮಾತು ಯಾವುದು, ಮೊಮ್ಮಗನದು ಯಾವುದು, ಗೊತ್ತಾಗಲೇ ಇಲ್ಲ. ಎಲ್ಲರೂ ಬರೆದವರ ದನಿಯಲ್ಲೇ ಮಾತಾಡುತ್ತಿದ್ದರು. ಇದು 300ನೇ ಪುಟದಲ್ಲಿ ಸರಿಹೋಗುವ ವಿಷಯವಲ್ಲ. 52ನೇ ಪುಟಕ್ಕೆ ಮುಚ್ಚಿಟ್ಟೆ. ಇವತ್ತಿಗೂ ಬೇಸರವಿಲ್ಲ.

ಆದರೆ ಇದೇ ನಿಯಮವನ್ನು ‘ಮೋಬಿ ಡಿಕ್’ಗೆ ಹಾಕಿದ್ದರೆ? 50 ಪುಟದಲ್ಲಿ ಹಡಗು ಸಮುದ್ರಕ್ಕೇ ಇಳಿದಿರುವುದಿಲ್ಲ.

ನಡುನಡುವೆ ಪುಟ ಹಾರಿಸಿ ಓದುವುದನ್ನೂ ಮಾಡಿ ನೋಡಿದೆ. ನನಗದು ಆಗಿಬರಲಿಲ್ಲ. ಕಥೆ ಗೊತ್ತಾಯಿತು, ಕಾದಂಬರಿ ಸಿಗಲಿಲ್ಲ.

ಮೂರನೆಯದಕ್ಕೆ ಬರುತ್ತೇನೆ. ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಇದೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಮೊದಲ ಸಲ ಓದಲು ಕೂತಾಗ ನಾನು ಹುಡುಕುತ್ತಿದ್ದದ್ದು ನಾಯಕನನ್ನು. ಗುತ್ತಿ ಬಂದ, ಜೊತೆಗೆ ಅವನ ನಾಯಿ ಹುಲಿಯ. ಸರಿ, ಇವನೇ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಮನೆ, ಇನ್ನೊಂದು ಜೋಡಿ. ಐತ, ಪೀಂಚಲು. ಮುಕುಂದಯ್ಯ, ಚಿನ್ನಮ್ಮ. ಯಾರ ಕೈ ಹಿಡಿದು ನಡೆಯಬೇಕು ಅಂತ ತಿಳಿಯದೆ ಸೋತು ಹೋದೆ. ಇಷ್ಟು ದೊಡ್ಡ ಹೆಸರಿನ ಪುಸ್ತಕ ನನ್ನನ್ನು ಒಳಗೇ ಬಿಟ್ಟುಕೊಳ್ಳಲಿಲ್ಲವಲ್ಲ ಅಂತ ನಿಜಕ್ಕೂ ಬೇಜಾರಾಯಿತು. ಒಂದು ಚೀಟಿಯಲ್ಲಿ ಪೆನ್ಸಿಲ್‌ನಿಂದ ‘ನಾಯಕ ಯಾರು?’ ಅಂತ ಬರೆದು, ನಿಂತ ಪುಟದಲ್ಲಿಟ್ಟು ಎತ್ತಿಟ್ಟೆ.

ಆರು ವರ್ಷದ ನಂತರ ಮತ್ತೆ ತೆಗೆದಾಗ ಆ ಚೀಟಿ ಸಿಕ್ಕಿತು. ಉತ್ತರ ಪುಸ್ತಕದ ಶುರುವಿನಲ್ಲೇ ಇತ್ತು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲೇ ಹೇಳಿಬಿಟ್ಟಿದ್ದಾರೆ. ಮೊದಲ ಸಲ ಆ ಮಾತನ್ನು ಅಲಂಕಾರ ಅಂದುಕೊಂಡು ದಾಟಿದ್ದೆ. ಅದು ಓದುವ ದಾರಿಯನ್ನೇ ತೋರಿಸುತ್ತಿತ್ತು. ಎರಡನೇ ಸಲ ಯಾರನ್ನೂ ಹುಡುಕಲಿಲ್ಲ. ಕಾಡಿನಲ್ಲಿ ನಡೆದ ಹಾಗೆ ಎದುರಿಗೆ ಬಂದವರನ್ನು ನೋಡುತ್ತಾ ಹೋದೆ. ಮೊದಲು ಬರೀ ನಾಯಿಯಾಗಿ ಕಂಡ ಹುಲಿಯನಿಗಾಗಿ ಕೊನೆಯಲ್ಲಿ ಅತ್ತೆ. ಯಾಕೆ ಅಂತ ಹೇಳುವುದಿಲ್ಲ, ಓದದವರು ಇರುತ್ತಾರೆ.

ಎತ್ತಿಡುವುದೂ ಯಾವಾಗಲೂ ಕೈ ಹಿಡಿಯುವುದಿಲ್ಲ. ಒಂದು ಕಾದಂಬರಿಯನ್ನು ಎರಡು ಸಲ ಎತ್ತಿಟ್ಟು ಮೂರನೇ ಸಲ ತೆಗೆದೆ, ಬೇಸರ ಹಾಗೇ ಇತ್ತು. ಯಾರಿಗಾದರೂ ಹಿಡಿಸಲಿ ಅಂತ ಕೊಟ್ಟುಬಿಟ್ಟೆ.

ಈಗ ನಾನು ಮೊದಲು ಕೇಳಿಕೊಳ್ಳುವುದು ಬೇಸರ ಎಲ್ಲಿಂದ ಬರುತ್ತಿದೆ ಅಂತ. ಪಾತ್ರಗಳಿಗೆ ಜೀವವೇ ಇಲ್ಲದಿದ್ದರೆ 50 ಪುಟಕ್ಕೆ ಬಿಡುತ್ತೇನೆ. ಬರವಣಿಗೆ ಗಟ್ಟಿಯಾಗಿದ್ದು ಕಥೆ ಮಾತ್ರ ನಿಧಾನವಾಗಿದ್ದರೆ ಹಠ ಹಿಡಿಯುತ್ತೇನೆ, ಆದರೆ ಪುಟ ಎಣಿಸುವುದಿಲ್ಲ. ನಾನು ಬೇರೆ ಏನನ್ನೋ ಬಯಸಿ ಬಂದಿದ್ದೇನೆ ಅನ್ನಿಸಿದರೆ ಚೀಟಿ ಬರೆದು ಎತ್ತಿಡುತ್ತೇನೆ. ಚೀಟಿ ಬರೆಯುವುದು ಮುಖ್ಯ. ಇಲ್ಲದಿದ್ದರೆ ವರ್ಷಗಳ ನಂತರ ‘ಅದು ಬೋರು’ ಅನ್ನುವುದಷ್ಟೇ ನೆನಪಿರುತ್ತದೆ.

ಸದ್ಯಕ್ಕೆ ಕಪಾಟಿನಲ್ಲಿ ಚೀಟಿ ಇಟ್ಟ ಪುಸ್ತಕ ಐದಿವೆ. ಒಂದರಲ್ಲಿ ‘ಪುಟ 88. ತಾಯಿ ಯಾಕೆ ಮಾತೇ ಆಡುತ್ತಿಲ್ಲ?’ ಅಂತಿದೆ. ಮೊನ್ನೆ ಧೂಳು ಒರೆಸುವಾಗ ಅದನ್ನು ನೋಡಿದೆ. ಅವತ್ತು ಸಿಟ್ಟಿನಿಂದ ಬರೆದ ಪ್ರಶ್ನೆ, ಈಗ ಉತ್ತರ ಬೇಕು ಅನ್ನಿಸುತ್ತಿದೆ. ಈ ವಾರ ಅದನ್ನೇ ತೆಗೆಯುತ್ತೇನೆ.