ಮಕ್ಕಳ ಶಾಲಾ ಊಟಕ್ಕೆ ಮೂರು ಖಾನೆಯ ಸ್ಟೀಲ್ ಡಬ್ಬಿ: ಪೋಷಣೆ ಮತ್ತು ಪರಿಸರದ ಲೆಕ್ಕದಲ್ಲಿ ಒಂದು ವಿಮರ್ಶೆ

ಶಾಲೆಗೆ ಹೋಗುವ ಮಕ್ಕಳಿಗೆಂದು ಮಾರಾಟವಾಗುವ ಮೂರು ಖಾನೆಗಳ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗಳ ಜೊತೆಗೆ ಎರಡು ಭರವಸೆಗಳು ಬರುತ್ತವೆ: ಊಟ ಸಮತೋಲನದಿಂದ ಕೂಡಿರುತ್ತದೆ, ಪರಿಸರದ ಮೇಲಿನ ಹೊರೆ ಕಡಿಮೆಯಾಗುತ್ತದೆ. ಹಲವು ತಯಾರಕರು ಹೆಚ್ಚುಕಡಿಮೆ ಒಂದೇ ವಿನ್ಯಾಸದಲ್ಲಿ ಇವನ್ನು ಮಾಡುತ್ತಾರೆ. ಅಂಥದ್ದೊಂದನ್ನು ನಮ್ಮ ಮನೆಯ ಇಬ್ಬರು ಮಕ್ಕಳು ಒಂದು ಶೈಕ್ಷಣಿಕ ವರ್ಷ ಪೂರ್ತಿ ಬಳಸಿದ್ದಾರೆ. ದೊಡ್ಡವಳಿಗೆ ಹನ್ನೊಂದು ವರ್ಷ, ಚಿಕ್ಕವನಿಗೆ ಏಳು. ಡಬ್ಬಿಯ ಅಂದ ಮತ್ತು ಹೊಳಪಿನ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಅದರೊಳಗೆ ಏನನ್ನು ಎಷ್ಟು ತುಂಬಬಹುದು, ಅದರಲ್ಲಿ ಎಷ್ಟು ಮಗುವಿನ ಹೊಟ್ಟೆ ಸೇರುತ್ತದೆ, ಎಷ್ಟು ಮನೆಗೆ ಮರಳಿ ಕಸದ ಬುಟ್ಟಿಗೆ ಹೋಗುತ್ತದೆ ಎಂಬುದೇ ನನ್ನ ಪರೀಕ್ಷೆಯಾಗಿತ್ತು.

ಡಬ್ಬಿಯ ತೂಕ ಸುಮಾರು 420 ಗ್ರಾಂ. ಲೋಹ 304 ದರ್ಜೆಯದು, ಅಂದರೆ ಸುಮಾರು 18 ಶೇಕಡಾ ಕ್ರೋಮಿಯಂ ಮತ್ತು 8 ಶೇಕಡಾ ನಿಕಲ್ ಇರುವ ಉಕ್ಕು. ಒಂದು ದೊಡ್ಡ ಖಾನೆ ಸುಮಾರು 600 ಮಿಲಿಲೀಟರ್ ಹಿಡಿಯುತ್ತದೆ, ಎರಡು ಸಣ್ಣ ಖಾನೆಗಳು ತಲಾ 150 ಮಿಲಿಲೀಟರ್. ಮುಚ್ಚಳದ ಅಂಚಿನಲ್ಲಿ ಸಿಲಿಕೋನ್ ರಿಂಗ್, ಎರಡು ಬದಿಗೆ ಕ್ಲಿಪ್.

ಮೊದಲು ಸಣ್ಣ ಖಾನೆಗಳ ವಿಚಾರ, ಏಕೆಂದರೆ ಈ ಡಬ್ಬಿಯ ನಿಜವಾದ ಗುಣ ಇರುವುದು ಅಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 6ರಿಂದ 9 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 350 ಗ್ರಾಂ ಮತ್ತು 10 ವರ್ಷ ತುಂಬಿದವರು ಕನಿಷ್ಠ 400 ಗ್ರಾಂ ತರಕಾರಿ ಹಾಗೂ ಹಣ್ಣು ತಿನ್ನಬೇಕು. ಅದರ ಮೂರನೆಯ ಒಂದು ಭಾಗವನ್ನು ಶಾಲೆಯ ಊಟ ಹೊರಬೇಕೆಂದುಕೊಂಡರೆ ಚಿಕ್ಕ ಮಗುವಿಗೆ 117 ಗ್ರಾಂ, ದೊಡ್ಡ ಮಗುವಿಗೆ 133 ಗ್ರಾಂ ಆಗುತ್ತದೆ. ಹೆಚ್ಚಿದ ಕ್ಯಾರೆಟ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತುಂಬಿ ನೋಡಿದಾಗ ಒಂದು ಸಣ್ಣ ಖಾನೆಯಲ್ಲಿ ಸುಮಾರು 80 ಗ್ರಾಂ ಹಿಡಿಯಿತು. ಹೀಗಾಗಿ ಒಂದರಲ್ಲಿ ತರಕಾರಿ, ಇನ್ನೊಂದರಲ್ಲಿ ಹಣ್ಣು ಇಟ್ಟರೆ ಇಬ್ಬರು ಮಕ್ಕಳ ಪಾಲೂ ಆರಾಮವಾಗಿ ತುಂಬುತ್ತದೆ. ಎರಡರಲ್ಲಿ ಒಂದನ್ನು ಬಿಸ್ಕತ್ತಿಗೋ ಸಿಹಿತಿಂಡಿಗೋ ಬಿಟ್ಟುಕೊಟ್ಟರೆ ತುಂಬುವುದಿಲ್ಲ. ಇಂಥ ಡಬ್ಬಿಗಳ ಜಾಹೀರಾತು ಚಿತ್ರಗಳಲ್ಲಿ ಒಂದು ಸಣ್ಣ ಖಾನೆಯನ್ನು ಸಾಮಾನ್ಯವಾಗಿ ಸಿಹಿಗೇ ಮೀಸಲಿಟ್ಟು ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಸೇರಿಸಿದ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆಯೆಲ್ಲ ಸೇರಿ ದಿನದ ಶಕ್ತಿಯ 10 ಶೇಕಡಾ ಮೀರಬಾರದು, 5 ಶೇಕಡಾಕ್ಕಿಂತ ಕಡಿಮೆಯಿದ್ದರೆ ಇನ್ನೂ ಉತ್ತಮ ಎನ್ನುವುದು ಅದೇ ಸಂಸ್ಥೆಯ ಸಲಹೆ. ದಿನಕ್ಕೆ 1,600 ಕಿಲೋಕ್ಯಾಲೊರಿ ಬೇಕಾಗುವ ಮಗುವಿಗೆ 5 ಶೇಕಡಾ ಎಂದರೆ 20 ಗ್ರಾಂ ಸಕ್ಕರೆ. ಒಂದು ಸಣ್ಣ ಪೊಟ್ಟಣದ ಹಣ್ಣಿನ ರಸವೇ ಹೆಚ್ಚುಕಡಿಮೆ ಅಷ್ಟನ್ನು ಮುಗಿಸಿಬಿಡುತ್ತದೆ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿ ಮಾಡಿದ ಆ ಪೊಟ್ಟಣವನ್ನು ಬಿಡಿಸಿ ಮರುಬಳಕೆ ಮಾಡುವುದೂ ಕಷ್ಟ. ಹೆಚ್ಚಿದ ಹಣ್ಣಿಗೆ ಖಾನೆ ಸಿಕ್ಕಿದ ಮೇಲೆ ನಮ್ಮ ಮನೆಯಲ್ಲಿ ರಸದ ಪೊಟ್ಟಣ ಕೊಳ್ಳುವುದು ತಾನಾಗಿಯೇ ನಿಂತಿತು. ಈ ಒಂದು ಬದಲಾವಣೆಗಾಗಿಯೇ ಡಬ್ಬಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ದೊಡ್ಡ ಖಾನೆಯ ವಿಷಯದಲ್ಲಿ ಇಷ್ಟು ಸಂತೋಷವಿಲ್ಲ. ಬೇಯಿಸಿದ ಧಾನ್ಯವನ್ನು ಅದರ ತುಂಬ ಹಾಕಿದರೆ 400 ಗ್ರಾಂ ಮೀರುತ್ತದೆ, ಅದೊಂದರಿಂದಲೇ ಸುಮಾರು 500 ಕಿಲೋಕ್ಯಾಲೊರಿ ಬರುತ್ತದೆ. ಏಳು ವರ್ಷದ ಮಗುವಿಗೆ ಮಧ್ಯಾಹ್ನದ ಇಡೀ ಊಟಕ್ಕೆ ಬೇಕಾದ ಶಕ್ತಿ ಅಷ್ಟೇ. ಖಾನೆ ಅರ್ಧ ಖಾಲಿ ಇದ್ದರೆ ತುಂಬುವವರ ಕೈ ಸುಮ್ಮನಿರುವುದಿಲ್ಲ, ಇನ್ನೊಂದು ಸೌಟು ಹಾಕಿಯೇ ಹಾಕುತ್ತದೆ. ಆ ಸೌಟು ಸಂಜೆ ಹಾಗೆಯೇ ಮರಳುತ್ತದೆ, ಇಲ್ಲವೇ ಅದನ್ನು ತಿಂದು ಹೊಟ್ಟೆ ತುಂಬಿದ ಮಗು ತರಕಾರಿಯನ್ನು ಬಿಡುತ್ತದೆ. ಹನ್ನೊಂದರ ಮಗಳಿಗೆ ಸರಿಹೊಂದಿದ ಅಳತೆ ಏಳರ ಮಗನಿಗೆ ಹೊಂದಲಿಲ್ಲ. ಧಾನ್ಯವನ್ನು ಅರ್ಧಕ್ಕೆ ಇಳಿಸಿ, ಮಿಕ್ಕ ಜಾಗದಲ್ಲಿ ಬೇಯಿಸಿದ ಕಾಳು ಹಾಕಲು ತೊಡಗಿದ ಮೇಲೆ ಅವನ ಡಬ್ಬಿ ಬಹುಮಟ್ಟಿಗೆ ಖಾಲಿಯಾಗಿ ಬರತೊಡಗಿತು. ಬೇಯಿಸಿದ 100 ಗ್ರಾಂ ಕಡಲೆಯಲ್ಲಾಗಲಿ ಮಸೂರದಲ್ಲಾಗಲಿ 9 ಗ್ರಾಂ ಆಸುಪಾಸಿನ ಪ್ರೋಟೀನ್ ಮತ್ತು 7ರಿಂದ 8 ಗ್ರಾಂ ನಾರು ಇರುತ್ತದೆ. ಆ ವಯಸ್ಸಿನ ಮಗುವಿಗೆ ದಿನವಿಡೀ ಬೇಕಾದ ನಾರು ಕನಿಷ್ಠ 21 ಗ್ರಾಂ ಎಂಬುದನ್ನು ನೆನೆದರೆ ಇದು ಮೂರನೆಯ ಒಂದು ಭಾಗವಾಯಿತು. ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವವಿರುವ ಹಣ್ಣು ಸೇರಿದರೆ ಹೀರಿಕೆ ಹೆಚ್ಚುತ್ತದೆ. ಪಕ್ಕದ ಖಾನೆಯ ಹಣ್ಣು ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಇನ್ನು ಪರಿಸರದ ಭರವಸೆ. ಒಂದು ಟನ್ ಕಚ್ಚಾ ಉಕ್ಕು ತಯಾರಿಸುವಾಗ ಜಾಗತಿಕ ಸರಾಸರಿಯಲ್ಲಿ ಸುಮಾರು 1.9 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕ್ರೋಮಿಯಂ, ನಿಕಲ್ ಸೇರುವ ಸ್ಟೇನ್‌ಲೆಸ್ ಉಕ್ಕಿಗೆ ಈ ಲೆಕ್ಕ ಇನ್ನೂ ಮೇಲೇರುತ್ತದೆ. ಆದ್ದರಿಂದ 420 ಗ್ರಾಂ ತೂಕದ ಈ ಡಬ್ಬಿ ನಮ್ಮ ಕೈ ಸೇರುವ ಮೊದಲೇ ಕನಿಷ್ಠ 800 ಗ್ರಾಂ ಇಂಗಾಲದ ಋಣ ಹೊತ್ತಿರುತ್ತದೆ. ವರ್ಷಗಟ್ಟಲೆ ಬಳಸಿದರೆ ಮಾತ್ರ ಅದು ತೀರೀತು. ಆದರೆ ನನಗೆ ಹೆಚ್ಚು ಮುಖ್ಯವೆನಿಸಿದ್ದು ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಲೆಕ್ಕ. 119 ದೇಶಗಳ ಸುಮಾರು 38,700 ಕೃಷಿ ಘಟಕಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 100 ಗ್ರಾಂ ಪ್ರೋಟೀನನ್ನು ಬಟಾಣಿಯಿಂದ ಪಡೆದರೆ ಸರಾಸರಿ 0.4 ಕಿಲೋಗ್ರಾಂ, ಮೊಟ್ಟೆಯಿಂದಾದರೆ ಸುಮಾರು 4 ಕಿಲೋಗ್ರಾಂ, ಚೀಸ್‌ನಿಂದಾದರೆ ಸುಮಾರು 11 ಕಿಲೋಗ್ರಾಂ, ಮಾಂಸಕ್ಕಾಗಿಯೇ ಸಾಕಿದ ದನದಿಂದಾದರೆ ಸುಮಾರು 50 ಕಿಲೋಗ್ರಾಂ ಹಸಿರುಮನೆ ಅನಿಲ ಹೊರಬೀಳುತ್ತದೆ. ಮಗುವಿನ ಒಂದು ಊಟದಲ್ಲಿ 10 ಗ್ರಾಂ ಪ್ರೋಟೀನ್ ಇದೆಯೆಂದು ಹಿಡಿದರೆ, ಬಟಾಣಿಯ ಊಟದ ಹೊರೆ 40 ಗ್ರಾಂ, ಚೀಸ್‌ನದು ಒಂದು ಕಿಲೋಗ್ರಾಂಗೂ ಹೆಚ್ಚು, ದನದ ಮಾಂಸದ್ದು 5 ಕಿಲೋಗ್ರಾಂ. ಡಬ್ಬಿಯ ಉಕ್ಕು ತಯಾರಾಗುವಾಗ ಆದ ಹಾನಿಯನ್ನು ಒಂದೆರಡು ಊಟಗಳ ಆಯ್ಕೆಯೇ ಮೀರಬಲ್ಲದು ಎಂದಾಯಿತು. ಡಬ್ಬಿ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಎಂದು ಗಂಟೆಗಟ್ಟಲೆ ಚರ್ಚಿಸುವ ಪೋಷಕರು ಅದರಲ್ಲಿ ಅರ್ಧದಷ್ಟು ಹೊತ್ತನ್ನು ದೊಡ್ಡ ಖಾನೆಯೊಳಗೆ ಏನಿದೆ ಎಂಬುದಕ್ಕೆ ಕೊಡಲಿ ಎಂದು ನಾನು ಮನಃಪೂರ್ವಕ ಕೇಳಿಕೊಳ್ಳುತ್ತೇನೆ.

ತಿನ್ನದೆ ಬಿಟ್ಟ ಅನ್ನಾಹಾರದ ಲೆಕ್ಕವೂ ಸಣ್ಣದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಗ್ರಾಹಕರಿಗೆ ಲಭ್ಯವಿದ್ದ ಆಹಾರದಲ್ಲಿ ಇದು 19 ಶೇಕಡಾ, ಅದರಲ್ಲಿ 60 ಶೇಕಡಾ ಮನೆಗಳಿಂದಲೇ ಬಂದದ್ದು. ಪೌಷ್ಟಿಕವಾದ ಊಟವನ್ನು ಡಬ್ಬಿಗೆ ತುಂಬಿ, ಅದು ಕಸಕ್ಕೆ ಹೋದರೆ ಮಗುವಿಗೂ ಪ್ರಯೋಜನವಿಲ್ಲ, ಅದನ್ನು ಬೆಳೆದ ನೀರು, ನೆಲ, ಗೊಬ್ಬರವೆಲ್ಲ ವ್ಯರ್ಥ. ಈ ಡಬ್ಬಿಯ ಒಂದು ಒಳ್ಳೆಯ ಗುಣವೆಂದರೆ ಬಿಟ್ಟದ್ದು ಬಿಟ್ಟ ಹಾಗೆಯೇ ಖಾನೆ ಖಾನೆಯಲ್ಲಿ ಮನೆಗೆ ಬರುತ್ತದೆ. ಯಾವುದು ಇಷ್ಟವಾಗಲಿಲ್ಲ, ಯಾವುದು ಹೆಚ್ಚಾಯಿತು ಎಂಬುದು ಕೇಳದೆಯೇ ತಿಳಿಯುತ್ತದೆ.

ದೋಷಗಳಲ್ಲಿ ಮುಖ್ಯವಾದದ್ದು ಶಾಖದ್ದು. ಇದು ಒಂಟಿ ಗೋಡೆಯ ಡಬ್ಬಿ, ಬಿಸಿಯನ್ನೂ ತಂಪನ್ನೂ ಹಿಡಿದಿಡುವುದಿಲ್ಲ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು, 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಸೂಕ್ಷ್ಮಜೀವಿಗಳು ವೇಗವಾಗಿ ಹೆಚ್ಚುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ. ಬೆಳಿಗ್ಗೆ ತುಂಬಿದ್ದನ್ನು ಮಧ್ಯಾಹ್ನ ತಿನ್ನುವ ಮಗುವಿಗೆ ಶಾಖ ತಡೆಯುವ ಚೀಲ ಮತ್ತು ತಂಪಿನ ಪ್ಯಾಕ್ ಬೇಕೇ ಬೇಕು, ಮೊಟ್ಟೆ ಅಥವಾ ಹಾಲಿನ ಪದಾರ್ಥ ಇದ್ದರಂತೂ ಖಂಡಿತ. ಇದನ್ನು ತಯಾರಕರು ಡಬ್ಬಿಯ ಮೇಲೆಯೇ ಬರೆಯಬೇಕಿತ್ತು. ಸೋರುವುದಿಲ್ಲ ಎಂಬ ಮಾತು ಹೊರಗಿನ ಅಂಚಿಗೆ ಮಾತ್ರ ನಿಜ; ಒಳಗೆ ಹಣ್ಣಿನ ನೀರು ಅಡ್ಡಗೋಡೆ ದಾಟಿ ಧಾನ್ಯಕ್ಕೆ ಸೇರುತ್ತದೆ, ಹಾಗೆ ನೆನೆದದ್ದನ್ನು ಮಕ್ಕಳು ಮುಟ್ಟುವುದಿಲ್ಲ. ಕ್ಲಿಪ್‌ಗಳು ಮೊದಲ ತಿಂಗಳುಗಳಲ್ಲಿ ಬಿಗಿಯಾಗಿದ್ದು, ಚಿಕ್ಕವನಿಗೆ ಶಿಕ್ಷಕಿಯ ಸಹಾಯ ಬೇಕಾಗುತ್ತಿತ್ತು. ಊಟದ ಬಿಡುವು ಮೊದಲೇ ಚಿಕ್ಕದು, ಮುಚ್ಚಳ ತೆರೆಯಲು ಕಾಯುವ ಮಗುವಿಗೆ ಅಗಿಯಲು ಸಮಯ ಉಳಿಯುವುದಿಲ್ಲ. ಚೌಕ ಮೂಲೆಗಳಲ್ಲಿ ಅಂಟಿದ್ದನ್ನು ತೆಗೆಯಲು ನೀರು ಹೆಚ್ಚು ಖರ್ಚಾಗುತ್ತದೆ. ಮೂಲೆ ದುಂಡಗಿದ್ದಿದ್ದರೆ ಒಳ್ಳೆಯದಿತ್ತು.

ಕೊಳ್ಳುವ ಮುನ್ನ ಸಿಲಿಕೋನ್ ರಿಂಗ್ ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸಿ. ಉಕ್ಕು ದಶಕಗಟ್ಟಲೆ ಬಾಳುತ್ತದೆ, ರಿಂಗ್ ಸಡಿಲವಾದರೆ ಗಟ್ಟಿಮುಟ್ಟಾದ ಡಬ್ಬಿಯೂ ಮೂಲೆಗೆ ಬೀಳುತ್ತದೆ. ಒಂಬತ್ತು ವರ್ಷದೊಳಗಿನ ಮಗುವಿಗೆ ದೊಡ್ಡ ಖಾನೆ 350 ಮಿಲಿಲೀಟರ್ ಸುಮಾರಿನದಿರುವ ಡಬ್ಬಿಯನ್ನು ಹುಡುಕಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಈ ಅಳತೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಮನೆಯಲ್ಲಿ ಈಗಾಗಲೇ ಸುಸ್ಥಿತಿಯಲ್ಲಿರುವ ಸ್ಟೀಲ್ ಡಬ್ಬಿಯಿದ್ದರೆ ಹೊಸದನ್ನು ತರಬೇಡಿ, ಅದರೊಳಗೆ ಹಿಡಿಯುವ ಎರಡು ಸಣ್ಣ ಬಟ್ಟಲುಗಳನ್ನು ಇಟ್ಟರೆ ಸಾಕು.