ಕಳ್ಳರ ಸರ್ವರ್‌ನಲ್ಲಿ ಸಿಕ್ಕಿದ್ದು ನಿಮ್ಮ ಪಾಸ್‌ವರ್ಡೇ? ‘ಹ್ಯಾವ್ ಐ ಬೀನ್ ಪೋನ್ಡ್’ ಬಳಸಿ ನೋಡಿ ಬರೆದದ್ದು

ಕಳುವಾದ ಬೈಕು ಸಿಕ್ಕಿದರೆ ಪೊಲೀಸರು ನಂಬರ್ ನೋಡಿ ಮಾಲೀಕರನ್ನು ಹುಡುಕುತ್ತಾರೆ, ಕರೆಸಿ ಗುರುತು ಹಿಡಿಸುತ್ತಾರೆ. ಸೈಬರ್ ಕಳ್ಳರ ಸರ್ವರ್ ಕೈಗೆ ಬಿದ್ದಾಗ ಅದರಲ್ಲಿ ಸಿಗುವುದು ಲಕ್ಷಾಂತರ, ಕೆಲವೊಮ್ಮೆ ಕೋಟ್ಯಂತರ ಜನರ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡುಗಳು. ಆ ಜನ ಹತ್ತಾರು ದೇಶಗಳಲ್ಲಿ ಹರಡಿಕೊಂಡಿರುತ್ತಾರೆ. ತಮ್ಮದು ಕಳುವಾಗಿದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಹಾಗಾಗಿ ದೂರನ್ನೂ ಕೊಟ್ಟಿರುವುದಿಲ್ಲ. ಅವರಿಗೆಲ್ಲ ಸುದ್ದಿ ಮುಟ್ಟಿಸುವುದು ಹೇಗೆ?

ಪೊಲೀಸ್ ತಂತ್ರಜ್ಞಾನ ಎಂದ ಕೂಡಲೇ ಮುಖ ಗುರುತಿಸುವ ಕ್ಯಾಮೆರಾ, ಡ್ರೋನ್, ಅಪರಾಧವನ್ನು ಮೊದಲೇ ಊಹಿಸುವ ಸಾಫ್ಟ್‌ವೇರ್ ಇವುಗಳದ್ದೇ ಮಾತು. ನನಗೆ ಅವೆಲ್ಲಕ್ಕಿಂತ ಮುಖ್ಯ ಅನ್ನಿಸಿರುವುದು ಒಂದು ಹುಡುಕಾಟದ ಪೆಟ್ಟಿಗೆ ಮತ್ತು ಅದರ ಪಕ್ಕದ ಒಂದು ಗುಂಡಿ. ‘ಹ್ಯಾವ್ ಐ ಬೀನ್ ಪೋನ್ಡ್’ (ಅಂದರೆ ‘ನನ್ನ ಖಾತೆ ಕಳ್ಳರ ಕೈಗೆ ಸಿಕ್ಕಿದೆಯೇ?’) ಎಂಬ ಉಚಿತ ತಾಣದ ಮುಖಪುಟದಲ್ಲಿರುವುದು ಇಷ್ಟೇ. ಇಮೇಲ್ ವಿಳಾಸ ಹಾಕಿದರೆ ಅದು ಯಾವ ಯಾವ ಸೋರಿಕೆಗಳಲ್ಲಿ ಸಿಕ್ಕಿದೆ, ಯಾವಾಗ, ವಿಳಾಸದ ಜೊತೆಗೆ ಇನ್ನೇನೇನು ಹೋಗಿದೆ ಎಂದು ತೋರಿಸುತ್ತದೆ. ಒಂದು ಸಣ್ಣ ಲೆಕ್ಕಪತ್ರ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಈ ತಾಣವನ್ನು ನನಗಾಗಿಯೂ ಕಚೇರಿಗಾಗಿಯೂ ಬಳಸುತ್ತಿದ್ದೇನೆ.

ಇದನ್ನು ಕಟ್ಟಿದವರು ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್. 2013ರಲ್ಲಿ ಅಡೋಬಿ ಕಂಪನಿಯ ಸುಮಾರು 15.3 ಕೋಟಿ ಖಾತೆಗಳ ವಿವರ ಸೋರಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಬೆರಳೆಣಿಕೆಯ ಸೋರಿಕೆಗಳೊಂದಿಗೆ ಈ ತಾಣ ಶುರುವಾಯಿತು. ಆಗ ಇದಕ್ಕೂ ಪೊಲೀಸರಿಗೂ ಏನೂ ಸಂಬಂಧವಿರಲಿಲ್ಲ. ಕಂಪನಿಗಳಿಂದ ಕದ್ದ ಮಾಹಿತಿ ಅಂತರ್ಜಾಲದಲ್ಲಿ ಓಡಾಡತೊಡಗಿದಾಗ ಅದನ್ನು ಪರಿಶೀಲಿಸಿ ಸೇರಿಸುವುದಷ್ಟೇ ಕೆಲಸವಾಗಿತ್ತು.

ಪೊಲೀಸರು ಬಂದದ್ದು ಆಮೇಲೆ. ನನಗೆ ತುಂಬ ಹಿಡಿಸಿದ ಉದಾಹರಣೆ ಎಸ್ಟೋನಿಯಾದ್ದು. 2018ರ ಜೂನ್‌ನಲ್ಲಿ ಅಲ್ಲಿನ ಕೇಂದ್ರ ಕ್ರಿಮಿನಲ್ ಪೊಲೀಸರ ಸೈಬರ್ ವಿಭಾಗ, ಕಳ್ಳರು ದುರ್ಬಳಕೆ ಮಾಡುತ್ತಿದ್ದಾರೆ ಎಂದು ಶಂಕಿಸಿದ ಸುಮಾರು 6.55 ಲಕ್ಷ ಇಮೇಲ್ ವಿಳಾಸಗಳನ್ನು ತಾಣಕ್ಕೆ ಕೊಟ್ಟಿತು. ತಮ್ಮ ವಿಳಾಸ ಈ ಪಟ್ಟಿಯಲ್ಲಿದ್ದು, ಕ್ರಿಪ್ಟೊ ಹಣವೂ ಕಳುವಾಗಿದ್ದರೆ ಅಂಥವರು ನಮ್ಮನ್ನು ಸಂಪರ್ಕಿಸಿ ಎಂದು ಕೇಳಿಕೊಂಡಿತು. ಅಂದರೆ ದೂರು ಬರಲಿ ಎಂದು ಕಾಯದೆ, ತನಿಖೆ ಮಾಡುವವರೇ ಸಂತ್ರಸ್ತರನ್ನು ಹುಡುಕಿಕೊಂಡು ಹೊರಟರು.

2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಎಮೊಟೆಟ್ ಎಂಬ ಮಾಲ್‌ವೇರ್ (ಕಂಪ್ಯೂಟರಿಗೆ ನುಗ್ಗುವ ದುಷ್ಟ ಸಾಫ್ಟ್‌ವೇರ್) ಜಾಲವನ್ನು ಮುರಿದರು. ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಬಿಐ ಮತ್ತು ನೆದರ್‌ಲೆಂಡ್ಸ್‌ನ ಹೈಟೆಕ್ ಅಪರಾಧ ದಳ ಆ ಜಾಲಕ್ಕೆ ಸಿಕ್ಕಿದ್ದ 43 ಲಕ್ಷಕ್ಕೂ ಹೆಚ್ಚು ವಿಳಾಸಗಳನ್ನು ಇಲ್ಲಿಗೆ ಒಪ್ಪಿಸಿದವು. 2023ರ ಏಪ್ರಿಲ್‌ನಲ್ಲಿ ಜೆನೆಸಿಸ್ ಮಾರ್ಕೆಟ್ ಎಂಬ ಕಳ್ಳಸಂತೆಯನ್ನು ಮುಚ್ಚಿಸಿದಾಗಲೂ ಹೀಗೆಯೇ ಆಯಿತು. ಆ ಸಂತೆಯಲ್ಲಿ ಪಾಸ್‌ವರ್ಡ್ ಮಾತ್ರವಲ್ಲ, ಬ್ರೌಸರ್‌ನ ಕುಕಿಗಳೂ (ನೀವು ಲಾಗಿನ್ ಆಗಿರುವುದನ್ನು ನೆನಪಿಟ್ಟುಕೊಳ್ಳುವ ಸಣ್ಣ ಕಡತಗಳು) ಬಿಕರಿಯಾಗುತ್ತಿದ್ದವು. ಕೊಂಡವನು ಪಾಸ್‌ವರ್ಡ್ ಕೂಡ ಹಾಕದೆ, ನೀವೇ ಎಂಬಂತೆ ನಿಮ್ಮ ಖಾತೆಯೊಳಗೆ ಹೋಗಬಹುದಿತ್ತು. 2024ರ ಮೇ ತಿಂಗಳಲ್ಲಿ ಹಲವು ದೇಶಗಳ ಪೊಲೀಸರು ನಡೆಸಿದ ಆಪರೇಷನ್ ಎಂಡ್‌ಗೇಮ್‌ನಿಂದ 1.65 ಕೋಟಿ ವಿಳಾಸಗಳು ಬಂದವು. ಒಬ್ಬ ಖಾಸಗಿ ವ್ಯಕ್ತಿ ಶುರುಮಾಡಿದ ತಾಣ ಇಷ್ಟು ದೇಶಗಳ ಪೊಲೀಸರಿಗೆ ಡಂಗುರ ಸಾರುವ ಜಾಗವಾಗಿದೆ. ಇಂಥ ದೊಡ್ಡ ಕಾರ್ಯಾಚರಣೆಗಳಲ್ಲಿ ಬಂಧನದ ಸುದ್ದಿಗಿಂತ ಈ ಒಪ್ಪಿಸುವಿಕೆಯನ್ನೇ ನಾನು ಮೊದಲು ಹುಡುಕುತ್ತೇನೆ.

ಇನ್ನು ಬಳಕೆಯ ಮಾತು.

ಕಚೇರಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ, ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುವುದು. ಅವರ ವಿಳಾಸ ಹಾಕಿ ತೋರಿಸಿದಾಗ ಮೂರು ಹಳೆಯ ಸೋರಿಕೆಗಳು ಬಂದವು. ಅವರು ಗಾಬರಿಯಾಗಿ ಕೇಳಿದ ಮೊದಲ ಪ್ರಶ್ನೆ: “ಅಲ್ಲಮ್ಮಾ, ನಿನಗೆ ಇಷ್ಟು ಸುಲಭವಾಗಿ ಕಾಣ್ತಿದೆ ಅಂದ್ರೆ ನನ್ನ ಪಾಸ್‌ವರ್ಡನ್ನೂ ಯಾರು ಬೇಕಾದ್ರೂ ಇಲ್ಲಿ ನೋಡಬಹುದಾ?”

ನೋಡಲಾಗದು. ಈ ತಾಣ ಪಾಸ್‌ವರ್ಡನ್ನು ಇಮೇಲ್ ವಿಳಾಸಕ್ಕೆ ಜೋಡಿಸಿ ಇಡುವುದೇ ಇಲ್ಲ. ವಿಳಾಸ ಯಾವ ಸೋರಿಕೆಯಲ್ಲಿದೆ ಎಂಬ ಪಟ್ಟಿಯೇ ಬೇರೆ, ಪಾಸ್‌ವರ್ಡುಗಳ ಪಟ್ಟಿಯೇ ಬೇರೆ. ಎರಡರ ನಡುವೆ ಕೊಂಡಿ ಇಲ್ಲ. ನಾಳೆ ಈ ತಾಣಕ್ಕೇ ಕನ್ನ ಬಿದ್ದರೂ ಯಾವ ವಿಳಾಸಕ್ಕೆ ಯಾವ ಪಾಸ್‌ವರ್ಡ್ ಎಂಬುದು ಅಲ್ಲಿ ಸಿಗುವುದಿಲ್ಲ. ಮೇಡಂಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಸಮಾಧಾನವಾಯಿತು.

ಆದರೆ ಅವರ ಪ್ರಶ್ನೆಯ ಇನ್ನೊಂದು ಮುಖ ನನ್ನನ್ನು ಈಗಲೂ ಕಾಡುತ್ತದೆ. ಯಾರ ವಿಳಾಸವನ್ನು ಯಾರು ಬೇಕಾದರೂ ಹಾಕಿ ನೋಡಬಹುದಾದ್ದರಿಂದ, ಆ ವ್ಯಕ್ತಿ ಯಾವ ಯಾವ ತಾಣಗಳಲ್ಲಿ ಖಾತೆ ತೆರೆದಿದ್ದರು ಎಂಬುದು ಅಷ್ಟರ ಮಟ್ಟಿಗೆ ಬಯಲಾಗುತ್ತದೆ. 2015ರಲ್ಲಿ ಆಶ್ಲಿ ಮ್ಯಾಡಿಸನ್ ಎಂಬ, ವಿವಾಹಿತರಿಗೆ ಗುಟ್ಟಿನ ಸಂಬಂಧ ಹುಡುಕಿಕೊಡುವ ತಾಣದ ಮಾಹಿತಿ ಸೋರಿದಾಗ ಇದರ ಅಪಾಯ ಸ್ಪಷ್ಟವಾಯಿತು. ಅಂಥವನ್ನು ‘ಸೂಕ್ಷ್ಮ’ ಎಂದು ಗುರುತಿಸಿ ಮುಚ್ಚಿಡುವ ಪದ್ಧತಿ ಬಂದದ್ದು ಆಗ. ತಮ್ಮ ಇಮೇಲ್‌ಗೆ ಬರುವ ಕೊಂಡಿಯನ್ನು ಒತ್ತಿ, ವಿಳಾಸ ತಮ್ಮದೇ ಎಂದು ತೋರಿಸಿದವರಿಗೆ ಮಾತ್ರ ಅವು ಕಾಣುತ್ತವೆ. ಎಮೊಟೆಟ್, ಜೆನೆಸಿಸ್ ಎರಡೂ ಈ ಬಗೆಯವು. ಹಾಗಾಗಿ ಮುಖಪುಟದಲ್ಲಿ ವಿಳಾಸ ಹಾಕಿ, ಏನೂ ಇಲ್ಲ ಎಂದು ಬಂದ ಕೂಡಲೇ ಎದ್ದು ಹೋಗುವವರಿಗೆ ಪೊಲೀಸರು ಕೊಟ್ಟ ಅತಿ ಮುಖ್ಯ ಮಾಹಿತಿಯೇ ತಪ್ಪಿಹೋಗುತ್ತದೆ. ಇದನ್ನು ಮುಖಪುಟದಲ್ಲಿ ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಹೇಳಬೇಕು. ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಸೂಚನೆ ಸೇವೆಗೆ ನೋಂದಣಿ. ಹಾಗೆ ಮಾಡಿದರೆ ಸೂಕ್ಷ್ಮ ಸೋರಿಕೆಗಳೂ ಕಾಣುತ್ತವೆ, ಮುಂದೆ ನಿಮ್ಮ ವಿಳಾಸ ಎಲ್ಲಾದರೂ ಸಿಕ್ಕಿದರೆ ಇಮೇಲ್ ಕೂಡ ಬರುತ್ತದೆ.

ಮೇಡಂ ನೋಂದಾಯಿಸಿಕೊಂಡ ಮೇಲೆ ಮುಖಪುಟದಲ್ಲಿ ಕಾಣದಿದ್ದ ಇನ್ನೊಂದು ಪುಟ ತೆರೆಯಿತು. 2025ರಿಂದ ಈ ತಾಣ ‘ಸ್ಟೀಲರ್ ಲಾಗ್’ಗಳನ್ನೂ ತೋರಿಸುತ್ತಿದೆ. ಇವು ಕಂಪನಿಗಳಿಂದ ಸೋರಿದ್ದಲ್ಲ. ನಮ್ಮದೇ ಕಂಪ್ಯೂಟರಿನಲ್ಲಿ ಹೊಕ್ಕ ಮಾಲ್‌ವೇರ್, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಬಾಚಿಕೊಂಡು ಹೋದದ್ದು. ಯಾವ ಯಾವ ತಾಣಗಳ ಪಾಸ್‌ವರ್ಡ್ ಹೀಗೆ ಹೋಗಿದೆ ಎಂಬ ಪಟ್ಟಿಯನ್ನು ವಿಳಾಸದ ಮಾಲೀಕರು ನೋಡಬಹುದು. ಮೇಡಂ ಪಟ್ಟಿಯಲ್ಲಿ ಇಮೇಲ್ ಸೇವೆ, ಒಂದು ವಿಮಾ ತಾಣ, ಮಗನ ಶಾಲೆಯ ಪೋರ್ಟಲ್ ಇದ್ದವು. ಎಲ್ಲವೂ ಮನೆಯ ಲ್ಯಾಪ್‌ಟಾಪಿನಲ್ಲಿ ಬಳಸಿದಂಥವು. ಮಗ ಅದರಲ್ಲಿ ಆಟವೊಂದರ ಕ್ರ್ಯಾಕ್ ಮಾಡಿದ ಆವೃತ್ತಿ ಹಾಕಿಕೊಂಡಿದ್ದ. ಸ್ಟೀಲರ್‌ಗಳು ಮನೆ ಹೊಗುವ ದೊಡ್ಡ ಬಾಗಿಲುಗಳಲ್ಲಿ ಅದೂ ಒಂದು. ಇಂಥ ಸಂದರ್ಭದಲ್ಲಿ ಅದೇ ಲ್ಯಾಪ್‌ಟಾಪಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಕಳ್ಳನ ಕೈಗೇ ಹೋಗುತ್ತದೆ. ಮೊದಲು ಅದರ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದೆವು. ಆಮೇಲೆ ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಲಾಗೌಟ್’ ಒತ್ತಿ, ಕದ್ದ ಕುಕಿಗಳು ಕೆಲಸಕ್ಕೆ ಬಾರದಂತೆ ಮಾಡಿದೆವು. ಪಾಸ್‌ವರ್ಡ್ ಬದಲಾವಣೆ ಕೊನೆಗೆ. ಎರಡು ಹಂತದ ಪರಿಶೀಲನೆ ಇದ್ದಲ್ಲೆಲ್ಲ ಅದನ್ನೂ ಹಾಕಿದೆವು.

ತಾಣದ ಇನ್ನೊಂದು ಭಾಗ ‘ಪೋನ್ಡ್ ಪಾಸ್‌ವರ್ಡ್ಸ್’. ಒಂದು ಪಾಸ್‌ವರ್ಡ್ ಹಾಕಿದರೆ ಅದು ಸೋರಿಕೆಗಳಲ್ಲಿ ಎಷ್ಟು ಸಲ ಕಂಡಿದೆ ಎಂದು ಹೇಳುತ್ತದೆ. ಬಳಸುತ್ತಿರುವ ಪಾಸ್‌ವರ್ಡನ್ನು ಯಾವುದೋ ತಾಣದಲ್ಲಿ ಟೈಪ್ ಮಾಡುವುದೇ ಎಂದು ಹಿಂಜರಿಯುವವರ ಹಿಂಜರಿಕೆ ಸರಿಯಾದದ್ದೇ. ಅದಕ್ಕೇ ಇಲ್ಲಿನ ಏರ್ಪಾಡನ್ನು ತಿಳಿದುಕೊಳ್ಳಬೇಕು. ನಿಮ್ಮ ಬ್ರೌಸರ್ ಆ ಪಾಸ್‌ವರ್ಡನ್ನು ನಿಮ್ಮ ಯಂತ್ರದಲ್ಲೇ ಶಾ-1 ಎಂಬ ಲೆಕ್ಕದಿಂದ 40 ಅಕ್ಷರಗಳ ಹ್ಯಾಶ್, ಅಂದರೆ ಪಾಸ್‌ವರ್ಡಿನ ಒಂದು ಗುರುತಿನ ಸಂಕೇತ, ಆಗಿ ಮಾಡುತ್ತದೆ. ತಾಣಕ್ಕೆ ಹೋಗುವುದು ಅದರ ಮೊದಲ 5 ಅಕ್ಷರ ಮಾತ್ರ. ಆ ಐದರಿಂದ ಶುರುವಾಗುವ ಎಲ್ಲ ಹ್ಯಾಶ್‌ಗಳ ಪಟ್ಟಿ ವಾಪಸು ಬರುತ್ತದೆ, ಅದೇ ನೂರಾರು ಸಾಲು ಇರುತ್ತದೆ. ನಿಮ್ಮದು ಅದರಲ್ಲಿದೆಯೇ ಎಂದು ಹೋಲಿಸುವುದು ಮತ್ತೆ ನಿಮ್ಮ ಬ್ರೌಸರೇ. ಇಡೀ ಸಂಗ್ರಹ ಹೀಗೆ 10,48,576 ಗುಂಪುಗಳಾಗಿ ಹಂಚಿಹೋಗಿದೆ. ನೀವು ಯಾವ ಗುಂಪನ್ನು ಕೇಳಿದಿರಿ ಎಂಬುದಷ್ಟೇ ತಾಣಕ್ಕೆ ಗೊತ್ತಾಗುತ್ತದೆ, ಏನನ್ನು ಹುಡುಕುತ್ತಿದ್ದಿರಿ ಎಂಬುದಲ್ಲ. ಕ್ಲೌಡ್‌ಫ್ಲೇರ್ ಕಂಪನಿಯ ಎಂಜಿನಿಯರ್ ಜುನೇದ್ ಅಲಿ ಜೊತೆಗೂಡಿ ರೂಪಿಸಿದ ಈ ವಿಧಾನ 2018ರ ಫೆಬ್ರವರಿಯಲ್ಲಿ ಬಂತು. ಗುಟ್ಟನ್ನು ಬಿಟ್ಟುಕೊಡದೆ ಗುಟ್ಟಿನ ಬಗ್ಗೆ ವಿಚಾರಿಸುವ ಈ ಉಪಾಯ ನನ್ನ ಕಣ್ಣಿಗೆ ನಿಜವಾದ ಜಾಣತನ. ನಾನು ಇದನ್ನು ತಾಣದಲ್ಲಿ ಟೈಪ್ ಮಾಡುವುದಕ್ಕಿಂತ ಹೆಚ್ಚಾಗಿ ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡುಗಳನ್ನು ಜೋಪಾನವಾಗಿ ಇಟ್ಟುಕೊಡುವ ಸಾಫ್ಟ್‌ವೇರ್) ಮೂಲಕ ಬಳಸುತ್ತೇನೆ. ಹಲವು ಮ್ಯಾನೇಜರ್‌ಗಳು ಒಳಗಿಂದೊಳಗೇ ಇದೇ ಸಂಗ್ರಹವನ್ನು ಕೇಳುತ್ತವೆ.

ಈ ಭಾಗದಲ್ಲೂ ಪೊಲೀಸರ ಕೈ ಇದೆ. 2021ರ ಡಿಸೆಂಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಅಪರಾಧ ಸಂಸ್ಥೆ ತನಿಖೆಯಲ್ಲಿ ಸಿಕ್ಕ ಸುಮಾರು 58.5 ಕೋಟಿ ಪಾಸ್‌ವರ್ಡುಗಳನ್ನು ಕೊಟ್ಟಿತು. ಅವುಗಳಲ್ಲಿ 22.5 ಕೋಟಿಗೂ ಹೆಚ್ಚು, ಸಂಗ್ರಹದಲ್ಲಿ ಅಲ್ಲಿಯವರೆಗೆ ಇಲ್ಲದಿದ್ದವು. ತನಿಖೆಗಳಲ್ಲಿ ಸಿಕ್ಕ ಪಾಸ್‌ವರ್ಡುಗಳನ್ನು ಎಫ್‌ಬಿಐ ನೇರವಾಗಿ ಸೇರಿಸುವ ದಾರಿಯೂ ಅದೇ ಹೊತ್ತಿಗೆ ತೆರೆಯಿತು. ಅವರು ಕೊಡುವುದು ಹ್ಯಾಶ್ ರೂಪದಲ್ಲಿ. ಅಪರಾಧಿಯ ಡಿಸ್ಕಿನಲ್ಲಿ ಸಿಕ್ಕಿದ್ದು, ಇನ್ನೆಲ್ಲೋ ಒಬ್ಬರು ಹೊಸ ಖಾತೆ ತೆರೆಯುವಾಗ ‘ಈ ಪಾಸ್‌ವರ್ಡ್ ಬೇಡ’ ಎಂಬ ಎಚ್ಚರಿಕೆಯಾಗಿ ಕೆಲಸಕ್ಕೆ ಬರುತ್ತದೆ.

ಕೊರತೆಗಳೂ ಇವೆ, ಕೆಲವು ಸಣ್ಣವಲ್ಲ.

ಕೆಲವು ನಮೂದುಗಳಿಂದ ಬಳಕೆದಾರರಿಗೆ ಆತಂಕವಲ್ಲದೆ ಬೇರೇನೂ ಸಿಗುವುದಿಲ್ಲ. 2019ರ ಜನವರಿಯಲ್ಲಿ ಸೇರಿದ ‘ಕಲೆಕ್ಷನ್ 1’ ನೋಡಿ. 77.3 ಕೋಟಿ ವಿಳಾಸಗಳಿರುವ ಅದು ಹಲವು ಮೂಲಗಳಿಂದ ಗುಡ್ಡೆ ಹಾಕಿದ ರಾಶಿ. ನಿಮ್ಮ ಪಾಸ್‌ವರ್ಡ್ ಯಾವ ತಾಣದಿಂದ ಹೋಯಿತು ಎಂಬುದು ಅದರಿಂದ ತಿಳಿಯದು. ಪಾಪ, ಓದಿದವರು ಎಲ್ಲಿಂದ ಶುರುಮಾಡಬೇಕು?

ಸಮಯದ ಅಂತರವೂ ದೊಡ್ಡದು. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕದ್ದ ಮಾಹಿತಿ ಪೂರ್ತಿ ಬಯಲಿಗೆ ಬಂದದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ಯಾರು ಹುಡುಕಿದ್ದರೂ ಅದು ಸಿಗುತ್ತಿರಲಿಲ್ಲ. ‘ಏನೂ ಸಿಗಲಿಲ್ಲ’ ಎಂಬ ಉತ್ತರವನ್ನು ಇಲ್ಲಿಯವರೆಗೆ ಈ ತಾಣದ ಕೈಗೆ ಸಿಕ್ಕಿಲ್ಲ ಎಂದಷ್ಟೇ ಓದಿಕೊಳ್ಳಬೇಕು.

ಇಷ್ಟು ದೊಡ್ಡ ಸಾರ್ವಜನಿಕ ಕೆಲಸ ಒಂದು ಪುಟ್ಟ ತಂಡದ ಹೆಗಲ ಮೇಲಿದೆ ಎಂಬುದು ಇನ್ನೊಂದು ಚಿಂತೆ. 2019ರಲ್ಲಿ ಹಂಟ್ ಇದನ್ನು ಮಾರಲು ಹೊರಟಿದ್ದರು. 2020ರ ಮಾರ್ಚ್‌ನಲ್ಲಿ ಆ ಯೋಚನೆ ಬಿಟ್ಟು, ತಾಣ ಸ್ವತಂತ್ರವಾಗಿಯೇ ಉಳಿಯುತ್ತದೆ ಎಂದರು. ಅವರ ಬಗ್ಗೆ ನನ್ನ ನಂಬಿಕೆ ಗಟ್ಟಿಯಾದದ್ದು 2025ರ ಮಾರ್ಚ್‌ನಲ್ಲಿ. ಒಂದು ನಕಲಿ ಇಮೇಲ್‌ಗೆ ಅವರೇ ಮೋಸಹೋಗಿ, ಅವರ ಬ್ಲಾಗ್ ಚಂದಾದಾರರ ಸುಮಾರು 16,000 ವಿಳಾಸಗಳು ಕಳ್ಳರ ಪಾಲಾದವು. ಅದನ್ನು ಅವರು ತಡಮಾಡದೆ ಬರೆದು ತಿಳಿಸಿದರು, ತಮ್ಮದೇ ತಾಣದಲ್ಲಿ ಇತರ ಸೋರಿಕೆಗಳಂತೆಯೇ ಸೇರಿಸಿದರು. ಎಷ್ಟೋ ಕಂಪನಿಗಳು ತಿಂಗಳುಗಟ್ಟಲೆ ಬಾಯಿ ಬಿಡದಿರುವಾಗ ಇದು ದೊಡ್ಡ ಮಾತು. ಆದರೂ ಒಬ್ಬರ ಪ್ರಾಮಾಣಿಕತೆಯ ಮೇಲೆಯೇ ಇಷ್ಟೆಲ್ಲ ನಿಲ್ಲಬಾರದು. ಮಾಹಿತಿ ಕೊಡುವ ಪೊಲೀಸ್ ಸಂಸ್ಥೆಗಳು ಇದರ ಮುಂದುವರಿಕೆಗೂ ಹೊಣೆ ಹೊರಬೇಕು. ನೆದರ್‌ಲೆಂಡ್ಸ್ ಪೊಲೀಸರು ತಮ್ಮದೇ ತಾಣದಲ್ಲೂ ಹೀಗೆ ವಿಳಾಸ ಪರೀಕ್ಷಿಸುವ ಅವಕಾಶ ಇಟ್ಟಿದ್ದಾರೆ. ಉಳಿದವರೂ ಹಾಗೆ ಮಾಡಲಿ ಎಂಬುದು ನನ್ನ ಆಸೆ.

ನನಗೆ ಅತಿ ಹೆಚ್ಚು ಬೇಸರ ತಂದಿರುವುದು ಫೋನ್ ನಂಬರಿನ ವಿಷಯ. 2021ರಲ್ಲಿ ಫೇಸ್‌ಬುಕ್‌ನ 53.3 ಕೋಟಿ ಬಳಕೆದಾರರ ಮಾಹಿತಿ ಹರಿದಾಡಿದಾಗ, ಅದರಲ್ಲಿ ಇಮೇಲ್ ಇದ್ದದ್ದು ಕೇವಲ 25 ಲಕ್ಷದಷ್ಟು. ಉಳಿದವೆಲ್ಲ ಫೋನ್ ನಂಬರುಗಳು. ಆಗ ತಾಣಕ್ಕೆ ಫೋನ್ ನಂಬರಿನ ಹುಡುಕಾಟ ಸೇರಿತು. 2025ರ ಮೇ ತಿಂಗಳಲ್ಲಿ ತಾಣದ ಹೊಸ ರೂಪ ಬಂದಾಗ ಅದನ್ನು ಮುಖಪುಟದಿಂದ ತೆಗೆದುಹಾಕಿದರು. ಬೇರೆ ಸೋರಿಕೆಗಳಿಗೆ ಅದನ್ನು ವಿಸ್ತರಿಸಿರಲಿಲ್ಲವಾದ್ದರಿಂದ, ನಂಬರ್ ಹಾಕಿ ಏನೂ ಸಿಗದೆ ಜನ ಗೊಂದಲಕ್ಕೆ ಬೀಳುತ್ತಿದ್ದರು. ಆ ಕಾರಣ ಅರ್ಥವಾಗುತ್ತದೆ. ಆದರೆ ಇಮೇಲ್ ಎಂಬುದನ್ನೇ ಬಳಸದೆ, ಹಣದಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಎಲ್ಲವನ್ನೂ ಒಂದು ಫೋನ್ ನಂಬರಿನಲ್ಲೇ ನಡೆಸುವ ಜನ ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ. ವಂಚನೆಯ ಕರೆ ಬರುವುದೂ ಅವರಿಗೇ. ಇಮೇಲ್‌ಗೆ ಕೊಂಡಿ ಕಳಿಸುವ ಹಾಗೆ ಫೋನಿಗೆ ಒಟಿಪಿ ಕಳಿಸಿ, ನಂಬರ್ ತಮ್ಮದೇ ಎಂದು ತೋರಿಸಿದವರಿಗೆ ಮಾತ್ರ ಫಲಿತಾಂಶ ಕೊಟ್ಟರೆ ಗುಟ್ಟೂ ಉಳಿಯುತ್ತದೆ. ಲೋಕದ ಎಲ್ಲ ಮೂಲೆಗೂ ಒಟಿಪಿ ಕಳಿಸಲು ಖರ್ಚಿದೆ, ನಿಜ. ಈ ಕಾರ್ಯಾಚರಣೆಗಳಲ್ಲಿ ಕೈಜೋಡಿಸುವ ಸರಕಾರಗಳಿಗೆ ಅದೇನು ಭರಿಸಲಾಗದ ಖರ್ಚಲ್ಲ. ಅದು ಆಗುವವರೆಗೆ, ಈ ತಾಣಕ್ಕೆ ನಾನು ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ.